ಅರ್ಥ ಹೇಳಿಕೊಟ್ಟೆ, ಹೊತ್ತು ಹೇಳಿಕೊಡಲಿಲ್ಲ

ಧಾರವಾಡದ ಸಪ್ತಾಪುರದಲ್ಲಿ ಒಂದು ಮಹಡಿಯ ಮೇಲೆ ನನ್ನ ಇಂಗ್ಲಿಷ್ ಕ್ಲಾಸು ನಡೆಯುತ್ತದೆ. ಕೆಳಗೆ ಝೆರಾಕ್ಸ್ ಅಂಗಡಿ. ಪಕ್ಕದಲ್ಲಿ ಖಾನಾವಳಿ. ಎದುರಿಗೆ ರೀಡಿಂಗ್ ರೂಮು. ಈ ಓಣಿಗಳಲ್ಲಿ ಒಮ್ಮೆ ನಡೆದವರಿಗೆ ಗೊತ್ತಿರುತ್ತದೆ, ಇಲ್ಲಿ ಗೋಡೆಗೊಂದು ಕೋಚಿಂಗ್ ಬೋರ್ಡು. ಪಿಎಸ್‌ಐ, ಪಿಡಿಒ, ಬ್ಯಾಂಕು, ಎಸ್‌ಎಸ್‌ಸಿ ಅಂತ ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು ರೂಮು ಮಾಡಿಕೊಂಡು ಹಗಲು ರಾತ್ರಿ ಓದುತ್ತಾರೆ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ನವಲಗುಂದ, ರೋಣ, ಗದಗ, ಹಾವೇರಿ ಕಡೆಯವರು. ಕನ್ನಡ ಶಾಲೆಯಲ್ಲಿ ಕಲಿತವರು. ಗಣಿತ, ಇತಿಹಾಸ ಎಲ್ಲ ಅರೆದು ಕುಡಿದಿರುತ್ತಾರೆ. ಇಂಗ್ಲಿಷ್ ಅಂದ ಕೂಡಲೇ ದನಿ ಇಳಿಯುತ್ತದೆ.

ಮೊದಲೆಲ್ಲ ನಾನು ದಿನಾ ಐದು ಈಡಿಯಮ್ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ನಾವು ನುಡಿಗಟ್ಟು ಅಂತೀವಲ್ಲ, ಅದೇ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡದಲ್ಲಿ ಅರ್ಥ. 'ಪೀಸ್ ಆಫ್ ಕೇಕ್' ಅಂದರೆ ಬಹಳ ಸುಲಭ. 'ಕಾಲ್ ಇಟ್ ಎ ಡೇ' ಅಂದರೆ ಇವತ್ತಿಗೆ ಸಾಕು ಮಾಡು. 'ಸ್ಪಿಲ್ ದಿ ಬೀನ್ಸ್' ಅಂದರೆ ಗುಟ್ಟು ಬಿಟ್ಟುಕೊಡು. 'ಕಿಕ್ ದಿ ಬಕೆಟ್' ಅಂದರೆ ಸಾಯು. ಹುಡುಗರು ನೀಟಾಗಿ ಬರೆದುಕೊಳ್ಳುತ್ತಿದ್ದರು. ಮರುದಿನ ಒಂದೊಂದನ್ನೂ ಸ್ವಂತ ವಾಕ್ಯದಲ್ಲಿ ಬಳಸಿಕೊಂಡು ಬರಬೇಕು. ನಾನು ಕೆಂಪು ಪೆನ್ನಿನಲ್ಲಿ ಟಿಕ್ ಹಾಕುತ್ತಿದ್ದೆ. ಎಸ್‌ಎಸ್‌ಸಿಯ ಮೊದಲ ಹಂತದ ಪರೀಕ್ಷೆಗೆ ಇಷ್ಟು ಸಾಕಿತ್ತು. ಅಲ್ಲಿ ನುಡಿಗಟ್ಟು ಕೊಟ್ಟು ಕೆಳಗೆ ನಾಲ್ಕು ಅರ್ಥ ಕೊಡುತ್ತಾರೆ. ಸರಿಯಾದರೆ 2 ಅಂಕ. ತಪ್ಪಾದರೆ ಅರ್ಧ ಅಂಕ ಕಡಿತ. ಅಂಕ ಬರುತ್ತಿದ್ದವು. ನನಗೂ ನೆಮ್ಮದಿ ಇತ್ತು.

ಆ ನೆಮ್ಮದಿ ಕೆಡಿಸಿದ್ದು ರೋಣದ ಕಡೆಯ ಒಬ್ಬ ಹುಡುಗ. ಅವನ ತಪ್ಪು ಏನೂ ಇರಲಿಲ್ಲ.

ನನ್ನ ಹತ್ತಿರ ಒಂದು ವರ್ಷ ಕಲಿತ. ಸರ್ಕಾರಿ ಕೆಲಸ ಸಿಗಲಿಲ್ಲ, ಒಂದು ಖಾಸಗಿ ಆಫೀಸಿಗೆ ಸೇರಿಕೊಂಡ. ಸೇರಿ ಎರಡು ತಿಂಗಳಾಗಿರಲಿಲ್ಲ, ಊರಲ್ಲಿ ಅಜ್ಜ ತೀರಿಕೊಂಡರು. ಇವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಅಜ್ಜ. ರಾತ್ರಿ ಬಸ್ಸಿನಲ್ಲಿ ಕೂತು, ಅಳುತ್ತಲೇ, ಮೊಬೈಲಿನಲ್ಲಿ ರಜೆಗೆ ಮೇಲ್ ಬರೆದಿದ್ದಾನೆ. 'ಮೈ ಗ್ರ್ಯಾಂಡ್‌ಫಾದರ್ ಕಿಕ್ಡ್ ದಿ ಬಕೆಟ್ ಟುಡೇ. ಕೈಂಡ್ಲಿ ಗ್ರ್ಯಾಂಟ್ ಮಿ ಫೋರ್ ಡೇಸ್ ಲೀವ್.'

ರಜೆ ಸಿಕ್ಕಿತು. ಆದರೆ ಅವನು ಕಾರ್ಯ ಮುಗಿಸಿಕೊಂಡು ವಾಪಸ್ ಬರುವಷ್ಟರಲ್ಲಿ ಆ ಮೇಲ್ ಆಫೀಸಿನ ಎಲ್ಲರ ಮೊಬೈಲಿನಲ್ಲೂ ಓಡಾಡಿತ್ತು. ತಲೆ ಬೋಳಿಸಿಕೊಂಡು ಬಂದು ಕೂತವನ ಮುಂದೆ ಯಾರೋ ನೀರಿನ ಬಕೆಟ್ ತೋರಿಸಿ ನಕ್ಕರಂತೆ. ಅವತ್ತು ಸಂಜೆ ಅವನು ನೇರ ನನ್ನ ಕ್ಲಾಸಿಗೆ ಬಂದ. ಸಿಟ್ಟಿನಿಂದ ಬರಲಿಲ್ಲ. ಹಳೆಯ ನೋಟ್‌ಬುಕ್ಕು ಹಿಡಿದುಕೊಂಡು ಬಂದಿದ್ದ.

"ಸರ್, ಇದರ ಅರ್ಥ ಸಾಯೋದು ಅಂತನ ಬರಸಿದ್ರಲ್ರಿ?"

ನೋಡಿದೆ. ಅವನ ದುಂಡನೆಯ ಅಕ್ಷರ. 'ದಿ ಓಲ್ಡ್ ಕಿಂಗ್ ಕಿಕ್ಡ್ ದಿ ಬಕೆಟ್.' ಪಕ್ಕದಲ್ಲಿ ನನ್ನ ಕೆಂಪು ಟಿಕ್. ಅದರ ಕೆಳಗೆ ನನ್ನದೇ ಕೈಯಲ್ಲಿ 'ಗುಡ್'. ಆ ಪುಟ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಏನು ಹೇಳಬೇಕೋ ತಿಳಿಯದೆ ಸುಮ್ಮನೆ ಕೂತೆ. ನನ್ನ ಮುಖ ನೋಡಿ ಅವನಿಗೇ ಕೆಟ್ಟದ್ದು ಅನ್ನಿಸಿರಬೇಕು. "ತಪ್ಪು ನಂದ ಐತ್ರಿ ಸರ್. ಹೊಟ್ಟ್ಯಾಗ ಹಾಕ್ಕೋರಿ" ಅಂದ.

ತಪ್ಪು ನನ್ನದು. ಹೊಟ್ಟೆಗೆ ಹಾಕಿಕೊಳ್ಳಬೇಕಾದವನು ಅವನು. ಹೇಳಿದವನೂ ಅವನೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಸಾವಿಗೆ ನಮ್ಮಲ್ಲಿ ಎಷ್ಟು ಮಾತಿವೆ ಅಂತ ಲೆಕ್ಕ ಹಾಕುತ್ತಾ ಮಲಗಿದ್ದೆ. ತೀರಿಕೊಂಡರು. ಹೋಗಿಬಿಟ್ಟರು. ಕಣ್ಣು ಮುಚ್ಚಿದರು. ಕಾಲವಾದರು. ಶಿವನ ಪಾದ ಸೇರಿದರು. ಸ್ವಾಮಿಗಳಾದರೆ ಲಿಂಗೈಕ್ಯರಾದರು. ಆಮೇಲೆ ಇನ್ನೊಂದು ಕಡೆ, ಗೊಟಕ್ ಅಂದ, ನೆಗೆದು ಬಿದ್ದ. ಅರ್ಥ ಎಲ್ಲದಕ್ಕೂ ಒಂದೇ. ಆದರೆ ನಮ್ಮಲ್ಲಿ ಐದು ವರ್ಷದ ಮಗು ಕೂಡ ಅಜ್ಜ ಗೊಟಕ್ ಅಂದ ಅಂತ ಹೇಳುವುದಿಲ್ಲ. ಅದಕ್ಕೆ ಯಾರೂ ಪಾಠ ಮಾಡಿರುವುದಿಲ್ಲ. ಸಾವಿನ ಮನೆಯಲ್ಲಿ ದೊಡ್ಡವರು ದನಿ ತಗ್ಗಿಸಿ ಯಾವ ಮಾತು ಆಡಿದರು, ಕಟ್ಟೆಯ ಮೇಲೆ ಕೂತು ಯಾವ ಮಾತು ಆಡಿದರು ಅಂತ ಅದು ಕೇಳಿಸಿಕೊಂಡಿರುತ್ತದೆ. ಮಾತಿನ ಜೊತೆಗೇ ಅದರ ಹೊತ್ತು, ಜಾಗ, ದನಿ ಎಲ್ಲ ಕಿವಿಗೆ ಬಿದ್ದಿರುತ್ತದೆ.

'ಕಿಕ್ ದಿ ಬಕೆಟ್' ಇಂಗ್ಲಿಷಿನ ಗೊಟಕ್. ಅದು ಮೊದಲಿನಿಂದಲೂ ಬೀದಿ ಮಾತೇ. ಫ್ರಾನ್ಸಿಸ್ ಗ್ರೋಸ್ ಅನ್ನುವವರು 1785ರಲ್ಲಿ ಲಂಡನ್ನಿನ ಬೀದಿ ಮಾತು, ಹೆಂಡದಂಗಡಿ ಮಾತುಗಳನ್ನು ಕೂಡಿಸಿ ಒಂದು ನಿಘಂಟು ಮಾಡಿದರು. ಅದರಲ್ಲೇ ಇದು ಸಿಗುತ್ತದೆ. ನಾನು ಇದಕ್ಕೆ 'ಸಾಯು' ಅಂತ ಬರೆಸುವ ಬದಲು 'ಗೊಟಕ್ ಅನ್ನು' ಅಂತ ಬರೆಸಿದ್ದರೆ ಆ ಹುಡುಗ ಅಜ್ಜನ ಬಗ್ಗೆ ಅದನ್ನು ಸತ್ತರೂ ಬರೆಯುತ್ತಿರಲಿಲ್ಲ. ಒಂದೇ ಒಂದು ಪದದ ವ್ಯತ್ಯಾಸ. ಅವನ ಮನೆಮಾತಿನಲ್ಲೇ ಉತ್ತರ ಇತ್ತು. ನಾನು ಕೇಳಲಿಲ್ಲ.

ಅಂದಿನಿಂದ ಪಾಠದ ರೀತಿ ಬದಲಾಯಿಸಿದೆ. ಈಗ ದಿನಕ್ಕೆ ಐದು ಇಲ್ಲ, ಒಂದೇ. ಕೆಲವು ದಿನ ಅದೂ ಮುಗಿಯುವುದಿಲ್ಲ. ಮೊದಲು ಇಂಗ್ಲಿಷ್ ಹೇಳುವುದೇ ಇಲ್ಲ. ಸಂದರ್ಭ ಹೇಳುತ್ತೇನೆ. ಇಂಥ ಹೊತ್ತಿನಲ್ಲಿ ನಿಮ್ಮವ್ವ ಏನಂತಾಳೆ? ನಿಮ್ಮೂರಿನ ಕಟ್ಟೆ ಮೇಲೆ ಏನಂತಾರೆ? ಮಾಸ್ತರ ಮುಂದೆ ಅದನ್ನೇ ಅಂತೀರಾ? ಬೋರ್ಡಿನ ಬಲಗಡೆ ಮೊದಲು ತುಂಬುತ್ತದೆ. ಆಮೇಲೆ ಎಡಗಡೆ ಇಂಗ್ಲಿಷ್ ಬರೆಯುತ್ತೇನೆ.

ಮಳೆಯಿಂದ ಶುರು ಮಾಡಿದೆ. ಯಾಕೆಂದರೆ ನಮ್ಮ ಹುಡುಗರೆಲ್ಲ ಕಲಿತು ಬಂದಿರುವ ಒಂದು ಈಡಿಯಮ್ ಇದ್ದರೆ ಅದು ಬೆಕ್ಕು ನಾಯಿಯ ಮಳೆ. 'ಇಟ್ ಈಸ್ ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್.' ಹೊರಗೆ ನಾಲ್ಕು ಹನಿ ಬಿದ್ದರೂ ಇದೇ ವಾಕ್ಯ. ಬೋರ್ಡಿನ ಬಲಗಡೆ ಏನೇನು ಬಂತು ನೋಡಿ. ಜಿಟಿಜಿಟಿ. ಜಡಿ ಹಿಡಿದೈತಿ. ಧೋ ಅಂತ ಸುರೀತು. ಅಡ್ಡಮಳಿ. ರಪರಪ ಹೊಡೀತು. ಒಬ್ಬಳು 'ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲ ಜೋಳ' ಅಂದಳು. ಅದು ಗಾದೆ, ಆದರೆ ಅಳಿಸಲು ಮನಸ್ಸು ಬರಲಿಲ್ಲ. ಹದಿನೈದು ನಿಮಿಷದಲ್ಲಿ ಬಲಗಡೆ ಜಾಗವೇ ಇರಲಿಲ್ಲ.

"ಹೊರಗ ಈಗ ಬೀಳಾಕತ್ತಿರೋದು ಯಾವ ಮಳಿ?" ಅಂತ ಕೇಳಿದೆ.

"ಜಿಟಿಜಿಟಿರೀ ಸರ್."

"ಹಂಗಾದ್ರ ಬೆಕ್ಕು ನಾಯಿ ಯಾಕ ತಂದ್ರಿ?"

ಎಲ್ಲರೂ ಕಿಟಕಿಯಿಂದ ಹೊರಗೆ ನೋಡಿದರು. ಧಾರವಾಡದ ಜಿಟಿಜಿಟಿ ಮಳೆಗೆ 'ಡ್ರಿಜ್ಲಿಂಗ್' ಅಂದರೆ ಸಾಕು. ಧೋ ಅಂತ ಸುರಿಯುವಾಗಲೂ ಇಂಗ್ಲಿಷ್ ಜನ ಈಗ 'ಇಟ್ಸ್ ಪೋರಿಂಗ್' ಅನ್ನುವುದೇ ಜಾಸ್ತಿ. ಬೆಕ್ಕು ನಾಯಿ ತುಂಬ ಹಳೆಯ ಮಾತು. ಜೊನಾಥನ್ ಸ್ವಿಫ್ಟ್ 1738ರಲ್ಲಿ, ದೊಡ್ಡಮನೆಯ ಜನ ಕೂತು ಆಡುವ ಸವೆದ ಮಾತುಗಳನ್ನೆಲ್ಲ ಕೂಡಿಸಿ ಅಚ್ಚು ಹಾಕಿಸಿದರು. ಆ ಸವೆದ ಮಾತುಗಳ ರಾಶಿಯಲ್ಲಿ ಈ ಮಳೆಯೂ ಇದೆ. ಆಗಲೇ ಸವೆದದ್ದನ್ನು ನಾವು ಈಗ ಹೊಸದು ಅಂತ ಮಕ್ಕಳ ಕೈಗೆ ಕೊಡುತ್ತಿದ್ದೇವೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಯಾಕೆಂದರೆ ಆ ಮಗು ಅದನ್ನು ಎಷ್ಟು ಪ್ರೀತಿಯಿಂದ ಬಾಯಿಪಾಠ ಮಾಡಿರುತ್ತದೆ ಅಂತ ನಾನು ನೋಡಿದ್ದೇನೆ.

ಕೆಲವು ಮಾತುಗಳಿಗೆ ಕಷ್ಟವೇ ಪಡಬೇಕಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು, ಮೊಸಳೆ ಕಣ್ಣೀರು, ಬಿಳಿ ಆನೆ. ಇವೆಲ್ಲ ಎಂದೋ ಕನ್ನಡದ್ದೇ ಆಗಿಹೋಗಿವೆ. ರೈಲಿನ ಮಾತುಗಳೂ ಹಾಗೇ. ಹಳಿ ತಪ್ಪುವುದು, ಹಸಿರು ನಿಶಾನೆ ತೋರಿಸುವುದು ಅಂದರೆ ಹುಬ್ಬಳ್ಳಿಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ಮೇಲೆ ಓಡಾಡುವ ಜನ ಅವರು. 'ಲೈಟ್ ಎಟ್ ದಿ ಎಂಡ್ ಆಫ್ ದಿ ಟನಲ್' ಅಂದಾಗ ಹಳೇಹುಬ್ಬಳ್ಳಿಯ ಒಬ್ಬ ಹುಡುಗ ಗೋವಾ ರೈಲಿನ ಕಥೆ ಹೇಳಿದ. ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿಯುವಾಗ ಒಂದಾದ ಮೇಲೆ ಒಂದು ಸುರಂಗ ಬರುತ್ತದಲ್ಲ, ಚಿಕ್ಕವನಿದ್ದಾಗ ಹೆದರಿ ಅಪ್ಪನ ಕೈ ಹಿಡಿದುಕೊಂಡಿದ್ದನಂತೆ. "ಅಲ್ನೋಡ, ಬೆಳಕು ಬಂತು" ಅಂದರಂತೆ ಅಪ್ಪ. ಅವನಿಗೆ ಅರ್ಥ ಬರೆಸುವ ಅಗತ್ಯ ಬೀಳಲಿಲ್ಲ. ಮೂರು ಸಲ ನೇಮಕಾತಿ ಪರೀಕ್ಷೆಯಲ್ಲಿ ಕೂದಲೆಳೆಯಲ್ಲಿ ತಪ್ಪಿಸಿಕೊಂಡವನು ಅವನು. ಸ್ವಂತ ವಾಕ್ಯ ಬರಿ ಅಂದರೆ ಅವನು ಯಾವ ವಾಕ್ಯ ಬರೆದಿರಬಹುದು ಅಂತ ನೀವೇ ಊಹಿಸಿ. ನಾನು ಅದಕ್ಕೆ ಟಿಕ್ ಹಾಕಲಿಲ್ಲ. ಓದಿ, ಅವನ ಬೆನ್ನು ತಟ್ಟಿ, ಪುಸ್ತಕ ವಾಪಸ್ ಕೊಟ್ಟೆ.

ಹೆಚ್ಚು ಖುಷಿ ಕೊಟ್ಟದ್ದು ಕ್ರಿಕೆಟ್ಟಿನ ಒಂದು ಮಾತು. 'ಸ್ಟಿಕಿ ವಿಕೆಟ್' ಮೇಲೆ ಇದ್ದೇನೆ ಅಂದರೆ ಇಕ್ಕಟ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಅಂತ. ಹಿಂದೆ ಪಿಚ್ಚಿಗೆ ಹೊದಿಕೆ ಹಾಕುತ್ತಿರಲಿಲ್ಲ. ಮಳೆ ಬಿದ್ದು, ಮೇಲೆ ಬಿಸಿಲು ಬಂದು ಅರೆಬರೆ ಒಣಗುವಾಗ ಚೆಂಡು ಹೇಗೆ ಪುಟಿಯುತ್ತದೆ ಅಂತ ಹೇಳಲು ಬರುತ್ತಿರಲಿಲ್ಲ. ಬ್ಯಾಟ್ ಹಿಡಿದವನ ಪಾಡು ಕಷ್ಟ. ಇದನ್ನು ವಿವರಿಸಲು ನಾನು ಚಿತ್ರ ಬರೆಯುತ್ತಿದ್ದೆ. ನವಲಗುಂದದ ಹುಡುಗ ಎದ್ದು ನಿಂತ.

"ಸರ್, ನಮ್ಮದು ಎರಿ ಹೊಲರೀ. ಮಳಿ ಆದ ಮ್ಯಾಗ ನಾವು ಅದರಾಗ ಆಡ್ತೀವ್ರಿ. ಚಪ್ಪಲಿ ಕಚ್ಚಿಕೊಂಡ ಬಿಡ್ತಾವ. ಬಾಲ್ ಒಮ್ಮೆ ಅಲ್ಲೇ ಕುಂದರ್ತೈತಿ, ಒಮ್ಮೆ ಮಾರಿಗೆ ಬರ್ತೈತಿ. ಆವಾಗ ಬ್ಯಾಟಿಂಗ್ ಬಂದ್ರ ದೇವರ ಕಾಪಾಡಬೇಕ್ರಿ."

ಎರಿ ಮಣ್ಣು ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆಯ ಕರಿಮಣ್ಣು. ಒಣಗಿದರೆ ಕೈ ಹೋಗುವಷ್ಟು ಬಿರುಕು, ನೆನೆದರೆ ಅಂಟು. ಮಳೆಗಾಲದಲ್ಲಿ ಎತ್ತಿನ ಗಾಲಿಯೂ ಸಿಕ್ಕಿಕೊಳ್ಳುವ ಮಣ್ಣು. ಆ ಹುಡುಗ ಬೋರ್ಡಿನ ಬಲಗಡೆ ತಾನೇ ಬರೆದ, 'ಎರ್‍ಯಾಗ ಸಿಕ್ಕಂಗ ಆಗೇತಿ'. ಇಂಗ್ಲೆಂಡಿನ ಹುಲ್ಲಿನ ಮೈದಾನದಲ್ಲಿ ಹುಟ್ಟಿದ ಮಾತು ನವಲಗುಂದದ ಹೊಲದಲ್ಲಿ ಹೀಗೆ ಕಾಲೂರಿತು. ಒಂದು ವಾರದ ಮೇಲೆ ಅವನು ನನಗೆ ಮೆಸೇಜ್ ಕಳಿಸಿದ್ದ. ರೂಮಿನ ಬಾಡಿಗೆ ಕಟ್ಟಲು ಆಗಿಲ್ಲ, ಫೀಸಿಗೆ ಸ್ವಲ್ಪ ದಿನ ತಡೆಯಬೇಕು ಅಂತ. 'ಸರ್, ಐ ಆ್ಯಮ್ ಆನ್ ಎ ಸ್ಟಿಕಿ ವಿಕೆಟ್ ದಿಸ್ ಮಂತ್.' ಎಷ್ಟು ಸರಿಯಾಗಿ ಕೂತಿತ್ತು ಆ ಮಾತು! ಗುರುತಿನ ಮೇಷ್ಟ್ರಿಗೆ, ಸ್ವಲ್ಪ ಸಂಕೋಚದಿಂದ, ಕಷ್ಟವನ್ನು ಹಗುರ ಮಾಡಿ ಹೇಳುವ ಹೊತ್ತು ಅದು. ಅದೇ ಹೊತ್ತಿಗೆ ಅದೇ ದನಿ.

ಇನ್ನೊಂದು ದಿನ 'ಕ್ಯಾರಿಯಿಂಗ್ ಕೋಲ್ಸ್ ಟು ನ್ಯೂಕ್ಯಾಸಲ್' ತೆಗೆದುಕೊಂಡೆ. ನ್ಯೂಕ್ಯಾಸಲ್ ಇರುವುದು ಇಂಗ್ಲೆಂಡಿನ ಉತ್ತರದಲ್ಲಿ, ಟೈನ್ ನದಿಯ ದಂಡೆಯ ಮೇಲೆ. ಸುತ್ತಮುತ್ತ ಕಲ್ಲಿದ್ದಲು ಗಣಿಗಳು. ನೂರಾರು ವರ್ಷ ಅಲ್ಲಿಂದಲೇ ಹಡಗಿನಲ್ಲಿ ಲಂಡನ್ನಿಗೆ ಕಲ್ಲಿದ್ದಲು ಹೋಗುತ್ತಿತ್ತು. ಅಂಥ ಊರಿಗೆ ಹೊರಗಿನಿಂದ ಕಲ್ಲಿದ್ದಲು ಹೊತ್ತುಕೊಂಡು ಹೋಗುವುದು ಬೇಡದ ಕೆಲಸ ಅಲ್ವಾ? ನಮ್ಮಲ್ಲಿ ಇದಕ್ಕೆ ಏನಂತೀರಿ ಅಂದೆ. ಒಬ್ಬ ತಕ್ಷಣ "ಬ್ಯಾಡಗಿಗೆ ಮೆಣಸಿನಕಾಯಿ ಒಯ್ದಂಗ" ಅಂದ. ಎಲ್ಲರೂ ಚಪ್ಪಾಳೆ ಹೊಡೆದರು. 2011ರಲ್ಲಿ ಜಿಐ ಮಾನ್ಯತೆ ಪಡೆದ ಮೆಣಸಿನಕಾಯಿ ಅದು, ಹೆಸರು ಕೇಳದವರಿಲ್ಲ. ನಾನೂ ಚಾಕ್ ಎತ್ತಿದೆ.

ಬ್ಯಾಡಗಿ ತಾಲೂಕಿನ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದ ಕೈ ಎತ್ತಿದಳು. ಅವಳ ಅಪ್ಪ ಅಲ್ಲಿನ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಮಾಡುತ್ತಾರೆ. "ಅದು ಕೂಡೂದಿಲ್ರಿ ಸರ್. ನಮ್ಮೂರಿಗೆ ಆಂಧ್ರದಿಂದ, ಬಳ್ಳಾರಿ ಕಡಿಯಿಂದ ಲಾರಿಗಟ್ಲೆ ಮೆಣಸಿನಕಾಯಿ ಬರ್ತೈತ್ರಿ. ಮಾರ್ಕೆಟ್ ಅಲ್ಲೈತಲ್ರಿ. ಬ್ಯಾಡಗಿಗೆ ಮೆಣಸಿನಕಾಯಿ ಒಯ್ಯೋದ ಶಾಣ್ಯಾತನರೀ."

ಹೌದಲ್ಲ! ಬ್ಯಾಡಗಿ ಬೆಳೆಯುವ ಊರಷ್ಟೇ ಅಲ್ಲ, ಕೊಳ್ಳುವ ಊರು. ಆ ಮಾತು ಕೇಳಲು ಚೆನ್ನಾಗಿತ್ತು, ಆದರೆ ಸುಳ್ಳಾಗಿತ್ತು. ಚಾಕ್ ಕೆಳಗಿಟ್ಟೆ. ಕೊನೆಗೆ "ಧಾರವಾಡಕ್ಕ ಪೇಡೆ ಒಯ್ದಂಗ" ಅಂತ ಒಪ್ಪಿಕೊಂಡೆವು. ನೆಂಟರ ಮನೆಗೆ ಧಾರವಾಡಕ್ಕೆ ಬರುವವರು ಯಾರೂ ಪೇಡೆ ತರುವುದಿಲ್ಲ. ಇದಕ್ಕೆ ಅವಳೂ ತಲೆ ಆಡಿಸಿದಳು. ಸುಮ್ನೆ ಪದ ಹೊಂದಿಸಿದರೆ ನುಡಿಗಟ್ಟು ಆಗುವುದಿಲ್ಲ ಅಂತ ಅವತ್ತು ಆ ಹುಡುಗಿ ನನಗೆ ಕಲಿಸಿದಳು. ಅಲ್ಲಿ ಹಮಾಲಿ ಮಾಡುವವನಿಗೂ ಅದು ಹೌದು ಅನ್ನಿಸಬೇಕು.

ಚಂದ್ರನ ಕಥೆ ಹೇಳದೆ ಇದ್ದರೆ ಈ ಬರಹ ಅರ್ಧ.

2023ರ ಆಗಸ್ಟ್. ಮಳೆ ಕೈಕೊಟ್ಟ ತಿಂಗಳು ಅದು. 23ನೇ ತಾರೀಕು ಸಂಜೆ ಆರು ಗಂಟೆಗೆ ಚಂದ್ರಯಾನ ಇಳಿಯುವುದನ್ನು ಎಲ್ಲರೂ ಕ್ಲಾಸಿನಲ್ಲೇ ಮೊಬೈಲಿನಲ್ಲಿ ನೋಡಿದ್ದೆವು. ಅದೇ ಉಮೇದಿನಲ್ಲಿ 'ಒನ್ಸ್ ಇನ್ ಎ ಬ್ಲೂ ಮೂನ್' ಹಿಡಿದುಕೊಂಡೆ. ಅಪರೂಪಕ್ಕೊಮ್ಮೆ ಅಂತ ಅರ್ಥ. ಬಲಗಡೆ ಏನು ಬಂತು ಗೊತ್ತಾ? 'ಅಮಾಸಿಗೊಮ್ಮಿ ಹುಣ್ಣಿಮಿಗೊಮ್ಮಿ.' ನಾವೂ ಚಂದ್ರನನ್ನೇ ಹಿಡಿದಿದ್ದೇವೆ! ಮಗ ಊರಿಗೆ ಬರುವುದು ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಅಂತ ಅವ್ವಂದಿರು ಹೇಳುತ್ತಾರಲ್ಲ. ಲೆಕ್ಕ ಹಾಕಿದರೆ ತಿಂಗಳಿಗೆ ಎರಡು ಸಲ ಆಯಿತು. ಆದರೆ ಹೇಳುವ ದನಿಯಲ್ಲಿ ಅದು ಬಹಳ ಅಪರೂಪ. ಅದರಲ್ಲಿ ಸಣ್ಣ ದೂರೂ ಇದೆ. ಇಂಗ್ಲಿಷ್ ಮಾತಿನಲ್ಲಿ ಆ ದೂರು ಇಲ್ಲ.

ನೀಲಿ ಚಂದ್ರ ಅಂದರೆ ಏನು ಅಂತ ಅವರು ಕೇಳಿದರು. ನಿಜವಾಗಿಯೂ ಚಂದ್ರ ನೀಲಿ ಕಂಡದ್ದಿದೆ. 1883ರಲ್ಲಿ ಇಂಡೋನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ ಸಿಡಿದಾಗ ಗಾಳಿ ಸೇರಿದ ಬೂದಿಯಿಂದಾಗಿ ಹಾಗೆ ಕಂಡಿತ್ತು. ಆದರೆ ಈಗ ಜನ ಹೇಳುವುದು ಬೇರೆ. ಒಂದೇ ಇಂಗ್ಲಿಷ್ ತಿಂಗಳಲ್ಲಿ ಎರಡು ಹುಣ್ಣಿಮೆ ಬಂದರೆ ಎರಡನೆಯದು ಬ್ಲೂ ಮೂನ್. ಈ ಅರ್ಥ ಹುಟ್ಟಿದ್ದು 1946ರಲ್ಲಿ, ಅಮೆರಿಕದ ಒಂದು ಖಗೋಳ ಪತ್ರಿಕೆಯಲ್ಲಿ. ಬರೆದವರು ಹಳೆಯ ಪಂಚಾಂಗವೊಂದರ ನಿಯಮವನ್ನು ತಪ್ಪು ತಿಳಿದುಕೊಂಡಿದ್ದರು. ಆ ತಪ್ಪೇ ಈಗ ಎಲ್ಲರ ಬಾಯಲ್ಲಿ ನಿಂತಿದೆ.

ಆಗ ಗದಗಿನ ಕಡೆಯ ಒಬ್ಬಳು ಮೆಲ್ಲಗೆ ಕೇಳಿದಳು. "ಸರ್, ಇದು ಅಧಿಕ ಮಾಸ ಅಲ್ಲೇನ್ರಿ?"

ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಕ್ಯಾಲೆಂಡರ್ ತರಿಸಿದೆವು. ಆ ವರ್ಷ ಅಧಿಕ ಶ್ರಾವಣ ಇತ್ತು. ಆಗಸ್ಟ್ 1ಕ್ಕೆ ಅಧಿಕ ಶ್ರಾವಣದ ಹುಣ್ಣಿಮೆ. ಆಗಸ್ಟ್ 30ಕ್ಕೆ ನಿಜ ಶ್ರಾವಣದ ನೂಲ ಹುಣ್ಣಿಮೆ. ಎರಡೂ ಒಂದೇ ಆಗಸ್ಟಿನಲ್ಲಿ! ಲೆಕ್ಕ ಎರಡು ಕಡೆಗೂ ಒಂದೇ. ಚಂದ್ರನ ತಿಂಗಳು ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಕೂಡಿಸಿದರೆ 354. ವರ್ಷಕ್ಕೆ ಹನ್ನೊಂದು ದಿನ ಕಡಿಮೆ ಬೀಳುತ್ತದೆ. ಆ ಹನ್ನೊಂದು ಹನ್ನೊಂದು ಕೂಡುತ್ತಾ ಎರಡೂವರೆ ವರ್ಷ ದಾಟುವಷ್ಟರಲ್ಲಿ ಒಂದು ಹುಣ್ಣಿಮೆ ಹೆಚ್ಚಾಗುತ್ತದೆ. ಅವರು ಅದಕ್ಕೆ ಒಂದು ಬಣ್ಣ ಕೊಟ್ಟರು. ನಾವು ಒಂದು ತಿಂಗಳನ್ನೇ ಕೊಟ್ಟೆವು, 33 ಅನಾರಸ ಇಟ್ಟು ಅಳಿಯನಿಗೆ ಬಾಗಿನ ಕೊಡುವ ರೂಢಿ ಮಾಡಿಕೊಂಡೆವು. ಬ್ಲೂ ಮೂನ್, ಅಧಿಕ ಮಾಸ ಎರಡೂ ಪ್ರತಿ ಸಲ ಒಟ್ಟಿಗೇ ಬೀಳಲೇಬೇಕು ಅಂತೇನಿಲ್ಲ. ಆ ವರ್ಷ ಕೂಡಿ ಬಂದಿತ್ತು.

30ರ ರಾತ್ರಿ ಮಾಳಿಗೆ ಹತ್ತಿದೆವು. ಚಂದ್ರ ನೀಲಿ ಇರಲಿಲ್ಲ, ಹಳದಿಯಾಗಿ, ದೊಡ್ಡದಾಗಿ ಬಂದ. ಕೆಳಗಿನ ಖಾನಾವಳಿಯಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಆ ಹುಡುಗಿ ಅವ್ವನಿಗೆ ಫೋನ್ ಮಾಡಿ, ಇವತ್ತಿನ ಹುಣ್ಣಿಮೆಗೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ ಹೇಳಿಕೊಡುತ್ತಿದ್ದಳು. ಅವಳ ದನಿ ಇಳಿದಿರಲಿಲ್ಲ.

ಇಂಟರ್‌ವ್ಯೂಗೆ ಹೋಗುವವರಿಗೆ ಮಾತ್ರ ನಾನು ಬೇರೆಯೇ ಹೇಳುತ್ತೇನೆ. ಅಲ್ಲಿ ನುಡಿಗಟ್ಟು ಬಳಸಲೇಬೇಕು ಅಂತ ಹೋಗಬೇಡಿ. ಅವರು ಆಡುವುದು ತಿಳಿದರೆ ಸಾಕು. 'ಬಾಲ್‌ಪಾರ್ಕ್ ಫಿಗರ್' ಹೇಳಿ ಅಂದರೆ ಸಂಬಳ ಸುಮಾರು ಎಷ್ಟು ಬೇಕು ಅಂತ ಕೇಳುತ್ತಿದ್ದಾರೆ. ಅದು ಬೇಸ್‌ಬಾಲ್ ಮಾತು, ನಾವು ಆಡದ ಆಟ. 'ಬ್ರೇಕ್ ದಿ ಐಸ್' ಅಂದರೆ ಗುರುತಿಲ್ಲದವರ ನಡುವಿನ ಬಿಗಿ ಸಡಿಲಿಸುವುದು. ಆ ವಿದ್ಯೆ ನಮಗೆ ಯಾರೂ ಕಲಿಸಬೇಕಿಲ್ಲ. ಹುಬ್ಬಳ್ಳಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು "ಯಾವೂರಾತ್ರಿ ನಿಮ್ದು?" ಅಂದರೆ ಮುಗಿಯಿತು, ಇಳಿಯುವಷ್ಟರಲ್ಲಿ ಬೀಗರು ಯಾರು ಅಂತಲೂ ತಿಳಿದಿರುತ್ತದೆ. ಇಷ್ಟು ಗೊತ್ತಿದ್ದರೂ ಬಾಯಿಗೆ ಬರದಿದ್ದರೆ ನೇರವಾಗಿ ಹೇಳಿ. ನೇರ ಮಾತಿಗೆ ಯಾವ ಭಾಷೆಯಲ್ಲೂ ಮರ್ಯಾದೆ ಕಡಿಮೆ ಇಲ್ಲ.

ಕಿಟೆಲ್ ಅವರ ಹೆಸರಿನ ಕಾಲೇಜು ನಮ್ಮೂರಿನಲ್ಲೇ ಇದೆ. ಜರ್ಮನಿಯಿಂದ 1853ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಬಂದವರು. 1894ರಲ್ಲಿ ಅವರ ಕನ್ನಡ ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದ. ಅದನ್ನು ತೆರೆದಾಗಲೆಲ್ಲ ನನಗೆ ಒಂದು ವಿಷಯ ಮನಸ್ಸಿಗೆ ತಟ್ಟುತ್ತದೆ. ಪದದ ಅರ್ಥ ಕೊಟ್ಟು ಅವರು ಕೈ ತೊಳೆದುಕೊಳ್ಳುವುದಿಲ್ಲ. ಎಷ್ಟೋ ಪದಗಳ ಕೆಳಗೆ ಜನ ಆಡುವ ಗಾದೆಯನ್ನೂ ಇಟ್ಟಿದ್ದಾರೆ. ಹೊರಗಿನಿಂದ ಬಂದು ಕಲಿತವರಿಗೆ ಇದರ ಬೆಲೆ ಗೊತ್ತಿತ್ತು. ನಾನು ಇಂಗ್ಲಿಷಿಗೆ ಹೊರಗಿನವನೇ. ಆದರೂ ಅರ್ಥ ಮಾತ್ರ ಬರೆಸಿ ಇಷ್ಟು ವರ್ಷ ಕಳೆದೆ.

ಹೋದ ತಿಂಗಳು ಬೋರ್ಡನ್ನು ತಿರುಗಿಸಿದೆ. ಬಲಗಡೆ ನಾನೇ ಬರೆದೆ. 'ಹೊಟ್ಟ್ಯಾಗ ಹಾಕ್ಕೋರಿ.' ಎಡಗಡೆ ನೀವು ತುಂಬಿಸಿ ಅಂದೆ. ರೋಣದ ಹುಡುಗನ ಕಥೆ ಅವರಿಗೆ ಹೇಳಿರಲಿಲ್ಲ.

"ಸಾರಿ" ಅಂದ ಒಬ್ಬ. ಅದು ಸಣ್ಣದಾಯಿತು ಅಂತ ಬೇರೆಯವರೇ ಬಿಟ್ಟರು. 'ಎಕ್ಸ್‌ಕ್ಯೂಸ್ ಮಿ' ಬಂತು, ಹೋಯಿತು. 'ಲೆಟ್ ಬೈಗಾನ್ಸ್ ಬಿ ಬೈಗಾನ್ಸ್' ಅಂತ ಒಬ್ಬಳು ಅಂದಳು. ಅದನ್ನು ತಪ್ಪು ಮಾಡಿದವನು ಹೇಳಿದರೆ ಚೆನ್ನಾಗಿರುವುದಿಲ್ಲ ಅಂತ ಅವಳೇ ವಾಪಸ್ ತೆಗೆದುಕೊಂಡಳು. ಕೊನೆಗೆ 'ಫರ್ಗಿವ್ ಅಂಡ್ ಫರ್ಗೆಟ್' ಬಂತು. ಎಲ್ಲರೂ ಒಪ್ಪಿದರು. ಬರೆಯಲು ಹೋದೆ.

ಬ್ಯಾಡಗಿಯ ಹುಡುಗಿ ಮತ್ತೆ ಕೈ ಎತ್ತಿದಳು.

"ಫರ್ಗೆಟ್ ಅಲ್ರಿ ಸರ್. ಹೊಟ್ಟ್ಯಾಗ ಹಾಕ್ಕೊಂಡದ್ದು ಮರೀದಿಲ್ರಿ. ಒಳಗ ಇರ್ತೈತಿ. ಹೊರಗ ತಗಿಯಂಗಿಲ್ಲ, ಅಷ್ಟ."

ಎಡಗಡೆ ಖಾಲಿ ಬಿಟ್ಟೆ. ಕ್ಲಾಸು ಮುಗಿದ ಮೇಲೆ ರೋಣದ ಹುಡುಗನಿಗೆ ಫೋನ್ ಮಾಡಿದೆ. ಈಗ ಬೇರೆ ಕಡೆ ಕೆಲಸದಲ್ಲಿದ್ದಾನೆ. ಆರಾಮ ಅದೀಯಾ ಅಂದೆ. ಆರಾಮ ಅದೀನ್ರಿ ಸರ್, ನೀವು ಹೆಂಗದೀರಿ ಅಂದ. ಐದು ವರ್ಷದಿಂದ ನಾನು ಹೇಳಬೇಕಾಗಿದ್ದ ಮಾತನ್ನು ಅವತ್ತು ಅವನಿಗೆ ಹೇಳಿದೆ. ಕನ್ನಡದಲ್ಲೇ ಹೇಳಿದೆ.